ಪುಟ್ಟಿಗಾಗಿ ಬರೆದ ಎರಡು ಪತ್ರಗಳು

ನಾನು 36 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಓದಿದ್ದು ಬಿ.ಕಾಂ. ವೈದ್ಯಶಾಸ್ತ್ರಕ್ಕೂ ನನಗೂ ಇರುವ ನಂಟು ಎಂದರೆ ದಿನಾ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗುವುದಷ್ಟೆ. ಅಂಥವನು ಮಕ್ಕಳ ಶ್ವಾಸಕೋಶದ ವಿಷಯ ಬರೆಯಲು ಕೂತಿದ್ದೇನೆಂದರೆ ಅದಕ್ಕೆ ಕಾರಣ ನಾನೇ ಬರೆದ ಒಂದು ಪತ್ರ.

ನಮ್ಮ ಕಾಲದಲ್ಲಿ ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಅಳಿಸುವ ಹಾಗಿರಲಿಲ್ಲ. ತಪ್ಪಿನ ಮೇಲೆ ಒಂದು ಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ಪಕ್ಕದಲ್ಲಿ ಸಹಿ ಹಾಕಬೇಕಿತ್ತು. ಈ ಲೇಖನವೂ ಅಂಥದ್ದೇ ಎಂದುಕೊಳ್ಳಿ.

ಎರಡು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ ಶಾಲೆ ಶುರುವಾದ ವಾರ. ನನ್ನ ಮೊಮ್ಮಗಳಿಗೆ ಆಗ 9 ವರ್ಷ, ನಾಲ್ಕನೇ ತರಗತಿ. ಮನೆಯಲ್ಲಿ ಎಲ್ಲರೂ ಕರೆಯುವುದು ಪುಟ್ಟಿ ಅಂತ. ಅವಳಿಗೆ ಅಸ್ತಮಾ ಇದೆ. ಮಳೆ ಹಿಡಿದರೆ ಕೆಮ್ಮು, ರಾತ್ರಿ ಎದೆಯಲ್ಲಿ ಸುಯ್ ಸುಯ್ ಶಬ್ದ. ನಾನು ಕನ್ನಡಕ ಹಾಕಿಕೊಂಡು, ಬ್ಯಾಂಕಿನ ಕಾಲದ ದುಂಡು ಅಕ್ಷರದಲ್ಲಿ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಹೀಗೆ ಬರೆದೆ: 'ನನ್ನ ಮೊಮ್ಮಗಳಿಗೆ ಉಸಿರಾಟದ ತೊಂದರೆ ಇರುವುದರಿಂದ ಆಕೆಯನ್ನು ಓಟ, ಆಟ ಮುಂತಾದವುಗಳಿಂದ ವರ್ಷಪೂರ್ತಿ ವಿನಾಯಿತಿಗೊಳಿಸಬೇಕೆಂದು ವಿನಂತಿ.'

ಮೇಷ್ಟ್ರು ಒಳ್ಳೆಯವರು. ಮರುಮಾತಿಲ್ಲದೆ ಒಪ್ಪಿಕೊಂಡರು.

ಹೊಂಗೆ ಮರದ ಕೆಳಗೆ

ನಾನು ಹಾಗೆ ಬರೆದದ್ದಕ್ಕೆ ಹಳೆಯ ಕಾರಣವೊಂದಿತ್ತು. ನನ್ನ ಅಣ್ಣನಿಗೂ ಇದೇ ಕಾಯಿಲೆ. ನಮ್ಮ ಹಳ್ಳಿಯಲ್ಲಿ ಆಗ ಅದಕ್ಕೆ ಗೂರಲು ಅನ್ನುತ್ತಿದ್ದರು. ರಾತ್ರಿ ಅವನು ಮಲಗಲಾರದೆ ದಿಂಬು ತಬ್ಬಿಕೊಂಡು ಕೂತೇ ಬೆಳಗು ಮಾಡುತ್ತಿದ್ದ. ಅಮ್ಮ ಬೆನ್ನು ನೀವುತ್ತಾ ಕೂತಿರುತ್ತಿದ್ದಳು. ಹಗಲಲ್ಲಿ ನಾವೆಲ್ಲ ದೇವಸ್ಥಾನದ ಮುಂದೆ ಲಗೋರಿ ಆಡಿದರೆ ಅವನು ಜಗುಲಿಯ ಕಂಬಕ್ಕೆ ಒರಗಿ ಕೂತು ನಮ್ಮ ಚೆಂಡು ಎಲ್ಲಿ ಬಿತ್ತು ಅಂತ ಹೇಳುತ್ತಿದ್ದ. 'ಓಡಬೇಡ, ಗೂರಲು ಬರುತ್ತೆ' ಎಂಬುದು ಅವನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಮಾತು. ಅವನು ಈಗಿಲ್ಲ. ನಲವತ್ತು ತುಂಬುವ ಮೊದಲೇ ಹೋದ. ಪುಟ್ಟಿಯ ಎದೆಯಲ್ಲಿ ಆ ಶಬ್ದ ಮೊದಲ ಸಲ ಕೇಳಿದಾಗ ನನಗೆ ಅಣ್ಣನ ಜಗುಲಿಯೇ ಕಣ್ಣಮುಂದೆ ಬಂತು. ಕೈ ತಾನಾಗಿಯೇ ಪತ್ರ ಬರೆಯಿತು.

ಮೂರು ತಿಂಗಳು ಕಳೆಯಿತು. ಸೆಪ್ಟೆಂಬರಿನಲ್ಲಿ ಮಗಳಿಗೆ ಆಫೀಸಿನಲ್ಲಿ ರಜೆ ಸಿಗದೆ ಪುಟ್ಟಿಯನ್ನು ಮಕ್ಕಳ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಆಕೆ ಎದೆ ಪರೀಕ್ಷೆ ಮಾಡಿ, ತೂಕ ನೋಡಿ, 'ಮೂರು ತಿಂಗಳಲ್ಲಿ ಮೂರು ಕೆ.ಜಿ. ಜಾಸ್ತಿ ಆಗಿದೆಯಲ್ಲ' ಎಂದರು. ಆಮೇಲೆ ಪುಟ್ಟಿಯನ್ನು ಕೇಳಿದರು, 'ಶಾಲೇಲಿ ಏನು ಆಟ ಆಡ್ತೀಯಮ್ಮ?'

'ಆಡಲ್ಲ ಆಂಟಿ. ಹೊಂಗೆ ಮರದ ಕೆಳಗೆ ಕೂತ್ಕೊಂಡು ಖೋ ಖೋ ಪಾಯಿಂಟ್ ಬರೀತೀನಿ. ನಮ್ಮ ತಾತ ಲೆಟರ್ ಕೊಟ್ಟಿದಾರೆ.'

ಡಾಕ್ಟರು ನನ್ನ ಕಡೆ ತಿರುಗಿದರು. ಗದರಲಿಲ್ಲ. 'ತಾತ, ಅಸ್ತಮಾ ಇರೋ ಮಗೂನ ಆಟದಿಂದ ದೂರ ಇಟ್ಟರೆ ನೀವು ಅಸ್ತಮಾನ ಕಾಪಾಡ್ತಾ ಇದೀರ, ಮಗೂನ ಅಲ್ಲ' ಎಂದರು. ಮನೆಗೆ ಬರುವ ದಾರಿಯಲ್ಲಿ ಆಟೋದಲ್ಲಿ ಕೂತು ಅದೇ ಮಾತನ್ನು ತಿರುಗಿಸಿ ಮುರುಗಿಸಿ ಯೋಚಿಸಿದೆ. ಅಣ್ಣ ಮತ್ತೆ ನೆನಪಾದ. ಪಾಯಿಂಟ್ ಬರೆಯುವುದು, ಚೆಂಡು ಎಲ್ಲಿ ಬಿತ್ತು ಅಂತ ಹೇಳುವುದು ಎರಡೂ ಒಂದೇ ಅಲ್ಲವೇ?

ಎದೆಯೊಳಗೆ ಏನಾಗುತ್ತದೆ?

ಮಕ್ಕಳೇ, ಡಾಕ್ಟರು ಅಂದು ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದ್ದನ್ನು ನಿಮಗೂ ಹೇಳುತ್ತೇನೆ.

ನಮ್ಮ ಶ್ವಾಸಕೋಶ ತಲೆಕೆಳಗಾಗಿ ನಿಂತ ಮರದ ಹಾಗೆ. ಶ್ವಾಸನಾಳವೇ ಬೊಡ್ಡೆ. ಅದು ಎರಡು ಕೊಂಬೆಯಾಗಿ, ಕೊಂಬೆಗಳು ರೆಂಬೆಗಳಾಗಿ, ಕೊನೆಗೆ ಕೂದಲಿನಷ್ಟು ಸಣ್ಣ ಕೊಳವೆಗಳಾಗುತ್ತವೆ. ತುದಿಯಲ್ಲಿ ಎಲೆಗಳ ಹಾಗೆ ಪುಟ್ಟ ಪುಟ್ಟ ಗಾಳಿಚೀಲಗಳಿವೆ. ದೊಡ್ಡವರಲ್ಲಿ ಇವು 30 ಕೋಟಿಗೂ ಹೆಚ್ಚು. ಗಾಳಿಯಲ್ಲಿರುವ ಆಮ್ಲಜನಕ ರಕ್ತಕ್ಕೆ ಸೇರುವುದು ಇಲ್ಲಿಯೇ.

ಅಸ್ತಮಾ ಇರುವವರಲ್ಲಿ ಗಾಳಿಚೀಲಗಳು ಚೆನ್ನಾಗಿಯೇ ಇರುತ್ತವೆ. ತೊಂದರೆ ಇರುವುದು ಕೊಳವೆಗಳಲ್ಲಿ. ಕೊಳವೆಯ ಒಳಗೋಡೆ ಸದಾ ಸ್ವಲ್ಪ ಊದಿಕೊಂಡು ಕೆಂಪಾಗಿರುತ್ತದೆ. ಧೂಳು, ಹೊಗೆ, ನೆಗಡಿ, ಹೂವಿನ ಪರಾಗ, ಇಂಥದ್ದು ಏನಾದರೂ ಕೆಣಕಿದರೆ ಸಾಕು, ಮೂರು ಕೆಲಸ ಒಟ್ಟಿಗೆ ನಡೆಯುತ್ತವೆ. ಊತ ಹೆಚ್ಚುತ್ತದೆ, ಕೊಳವೆಯ ಸುತ್ತ ಇರುವ ಸ್ನಾಯು ಬಿಗಿಯುತ್ತದೆ, ಒಳಗೆ ಅಂಟಾದ ಕಫ ತುಂಬುತ್ತದೆ. ಕಿರಿದಾದ ಕೊಳವೆಯಲ್ಲಿ ಗಾಳಿ ನುಗ್ಗುವಾಗ ಬರುವುದೇ ಆ ಸುಯ್ ಶಬ್ದ.

ಹಾಗಾದರೆ ಓಡಿದಾಗ ಯಾಕೆ ಉಬ್ಬಸ ಬರುತ್ತದೆ? ಸುಮ್ಮನೆ ಕೂತಾಗ ನಾವು ಮೂಗಿನಲ್ಲಿ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಸೋಸಿ ಒಳಗೆ ಬಿಡುತ್ತದೆ. ಓಡುವಾಗ ಅಷ್ಟು ಗಾಳಿ ಸಾಲದೆ ಬಾಯಿ ತೆರೆಯುತ್ತೇವೆ. ತಣ್ಣಗಿನ ಒಣಗಾಳಿ ನೇರವಾಗಿ ಕೊಳವೆಗೆ ಹೋಗಿ ಅದನ್ನು ಒಣಗಿಸುತ್ತದೆ. ಮೊದಲೇ ಮುನಿಸಿಕೊಂಡಿರುವ ಕೊಳವೆ ಬಿಗಿದುಕೊಳ್ಳುತ್ತದೆ. ಹಾಗಾಗಿ ತೊಂದರೆ ಹೆಚ್ಚಾಗಿ ಕಾಣುವುದು ಓಟ ನಿಲ್ಲಿಸಿದ ಮೇಲೆ ಐದು, ಹತ್ತು ನಿಮಿಷಕ್ಕೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಓಡಿದರೆ ಎಲ್ಲರಿಗೂ ಏದುಸಿರು ಬರುತ್ತದೆ. ಮಾಮೂಲಿ ಏದುಸಿರು ಕೂತು ಸುಧಾರಿಸಿಕೊಂಡರೆ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಅಸ್ತಮಾದ್ದು ನಿಂತ ಮೇಲೂ ಏರುತ್ತಾ ಹೋಗುತ್ತದೆ, ಜೊತೆಗೆ ಕೆಮ್ಮು, ಸುಯ್ ಶಬ್ದ, ಎದೆಬಿಗಿತ ಇರುತ್ತದೆ. ನಾನು ಪ್ರತಿ ಏದುಸಿರನ್ನೂ ಅಸ್ತಮಾ ಅಂತಲೇ ಹೆದರಿದವನು. ಪುಟ್ಟಿಯೂ ನನ್ನನ್ನು ನೋಡಿ ಹೆದರುವುದನ್ನು ಕಲಿತಿದ್ದಳು.

ಕೂತರೆ ಏನು ನಷ್ಟ?

ಮಗು ಓಡದೆ ಕೂತರೆ ಕಾಲಿನ, ಎದೆಯ ಸ್ನಾಯುಗಳು ಸೋಮಾರಿಯಾಗುತ್ತವೆ. ಹೃದಯವೂ ಅಷ್ಟೆ. ಸೋಮಾರಿ ಸ್ನಾಯು ಸಣ್ಣ ಕೆಲಸಕ್ಕೂ ಹೆಚ್ಚು ಗಾಳಿ ಕೇಳುತ್ತದೆ. ತೂಕ ಏರಿದರೆ ಇನ್ನೂ ಹೆಚ್ಚು. ಮೊದಲು ಮೈದಾನ ಸುತ್ತಿದರೆ ಬರುತ್ತಿದ್ದ ಏದುಸಿರು ಆಮೇಲೆ ಮಹಡಿ ಹತ್ತಿದರೆ ಬರುತ್ತದೆ. ಅದಕ್ಕೆ ಹೆದರಿ ಇನ್ನಷ್ಟು ಕೂರುತ್ತೇವೆ. ಬಡ್ಡಿಗೆ ಬಡ್ಡಿ ಬೆಳೆದ ಹಾಗೆ ಇದೂ ಬೆಳೆಯುತ್ತದೆ.

ವ್ಯಾಯಾಮ ಮಾಡಿದರೆ ಇದೇ ಲೆಕ್ಕ ತಿರುಗುಮುರುಗು. ಪಳಗಿದ ಸ್ನಾಯು ಅಷ್ಟೇ ಗಾಳಿಯಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ಅದೇ ದೂರ ಓಡಲು ಮೊದಲಿನಷ್ಟು ಜೋರಾಗಿ ಉಸಿರಾಡಬೇಕಿಲ್ಲ. ಜೋರು ಉಸಿರು ಕಡಿಮೆಯಾದರೆ ಕೊಳವೆ ಒಣಗುವುದೂ ಕಡಿಮೆ. ಹಸಿವೆ, ನಿದ್ದೆ ಸರಿಹೋಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಮಗುವಿಗೆ 'ನನ್ನ ಕೈಲಾಗುತ್ತೆ' ಅನ್ನುವ ಧೈರ್ಯ ಬರುತ್ತದೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವ ಆಟ-ಓಟದಲ್ಲಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಸ್ತಮಾ ಹತೋಟಿಯಲ್ಲಿರುವ ಮಗುವಿಗೂ ಗುರಿ ಅದೇ ಎಂದರು ಡಾಕ್ಟರು. ಆದರೆ 'ಹತೋಟಿಯಲ್ಲಿರುವ' ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದರು.

ಆರ್‌.ಡಿ. ಮತ್ತು ಕೈಸಾಲ

ನಮ್ಮ ಮನೆಯಲ್ಲಿ ಎರಡು ಇನ್‌ಹೇಲರ್ ಇದ್ದವು. ನೀಲಿ ಬಣ್ಣದ್ದು ಬಿಗಿದ ಕೊಳವೆಯನ್ನು ತಕ್ಷಣ ಸಡಿಲಿಸುತ್ತದೆ. ಇನ್ನೊಂದು ದಿನಾ ತೆಗೆದುಕೊಳ್ಳಬೇಕಾದದ್ದು, ಊತವನ್ನು ನಿಧಾನವಾಗಿ ಇಳಿಸುತ್ತದೆ. ನಾವು ಮಾಡಿದ್ದೇನು? ನೀಲಿಯದನ್ನು ಬೇಕಾದಾಗ ಕೊಟ್ಟೆವು. ದಿನದ ಔಷಧಿಯನ್ನು 'ಸ್ಟೀರಾಯ್ಡ್ ಅಂತೆ, ಚಟ ಆಗುತ್ತಂತೆ' ಅಂತ ಕಪಾಟಿನಲ್ಲಿಟ್ಟೆವು. ಈ ತೀರ್ಮಾನವೂ ಹೆಚ್ಚುಕಡಿಮೆ ನನ್ನದೇ.

ಡಾಕ್ಟರು ಹೇಳಿದ್ದನ್ನು ನಾನು ಬ್ಯಾಂಕಿನ ಭಾಷೆಯಲ್ಲಿ ಅರ್ಥಮಾಡಿಕೊಂಡೆ. ದಿನದ ಇನ್‌ಹೇಲರ್ ಆರ್‌.ಡಿ. ಕಟ್ಟಿದ ಹಾಗೆ. ಇವತ್ತು ಕಟ್ಟಿದ್ದು ಇವತ್ತೇ ಕಾಣುವುದಿಲ್ಲ, ವಾರಗಳು ಕಳೆದಂತೆ ಜಮೆಯಾಗುತ್ತದೆ. ನೀಲಿಯದು ಕೈಸಾಲ. ತುರ್ತಿಗೆ ಬೇಕೇ ಬೇಕು, ಆದರೆ ವಾರದಲ್ಲಿ ಮೂರು, ನಾಲ್ಕು ದಿನ ಕೈಸಾಲ ಮಾಡುವ ಮನೆಯಲ್ಲಿ ಏನೋ ಸರಿಯಿಲ್ಲ ಎಂದೇ ಅರ್ಥ. ಉಸಿರಿನಲ್ಲಿ ಎಳೆದ ಔಷಧಿ ನೇರ ಕೊಳವೆಗೇ ಹೋಗುವುದರಿಂದ ಅದರ ಪ್ರಮಾಣ ಮಾತ್ರೆಗಿಂತ ತೀರಾ ಕಡಿಮೆ. ಚಟ ಹಿಡಿಯುವ ಪದಾರ್ಥ ಅದಲ್ಲ. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಮಕ್ಕಳಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಡಬ್ಬಿ ಸೇರಿಸಿ ಕೊಟ್ಟರೆ ಔಷಧಿ ನಾಲಿಗೆ ಮೇಲೆ ಉಳಿಯದೆ ಎದೆಗೆ ಇಳಿಯುತ್ತದೆ.

ಇನ್‌ಹೇಲರ್ ಹುಟ್ಟಿದ ಕಥೆ ಕೇಳಿ ಪುಟ್ಟಿಗೆ ಅದರ ಮೇಲೆ ಪ್ರೀತಿಯೇ ಬಂತು. 1955ರಲ್ಲಿ ಅಮೆರಿಕದಲ್ಲಿ ಜಾರ್ಜ್ ಮೇಸನ್ ಎಂಬುವರು ಒಂದು ಔಷಧಿ ಕಂಪನಿಯ ಅಧ್ಯಕ್ಷರಾಗಿದ್ದರು. ಅವರ 13 ವರ್ಷದ ಮಗಳಿಗೆ ಅಸ್ತಮಾ. ಗಾಜಿನ ಬುರುಡೆಗೆ ರಬ್ಬರ್ ಉಂಡೆ ಸಿಕ್ಕಿಸಿ, ಅದನ್ನು ಹಿಸುಕಿ ಹಿಸುಕಿ ಔಷಧಿ ಎಳೆದುಕೊಳ್ಳಬೇಕಿತ್ತು. ಅವಳು ಅಪ್ಪನನ್ನು ಕೇಳಿದಳಂತೆ, ಕೂದಲಿಗೆ ಹೊಡೆದುಕೊಳ್ಳುವ ಸ್ಪ್ರೇ ಡಬ್ಬಿಯ ಹಾಗೆ ನನ್ನ ಔಷಧಿಯನ್ನೂ ಯಾಕೆ ಮಾಡಬಾರದು ಅಂತ. ಮರುವರ್ಷವೇ, 1956ರಲ್ಲಿ, ಅಳತೆಯಾಗಿ ಔಷಧಿ ಬಿಡುವ ಮೊದಲ ಇನ್‌ಹೇಲರ್ ಮಾರುಕಟ್ಟೆಗೆ ಬಂತು. ಒಂದು ಮಗುವಿನ ಪ್ರಶ್ನೆಯಿಂದ ಕೋಟ್ಯಂತರ ಜನ ಉಸಿರಾಡುವಂತಾಯಿತು. ಅದೇ ಹೊತ್ತಿಗೆ ನನ್ನ ಅಣ್ಣ ನಮ್ಮೂರ ಜಗುಲಿಯಲ್ಲಿ ಕೂತಿದ್ದ. ಅದು ಅವನವರೆಗೆ ಬರಲಿಲ್ಲ.

ಅಂದಿನಿಂದ ದಿನದ ಇನ್‌ಹೇಲರ್ ತಪ್ಪಿಸಲಿಲ್ಲ. ಹಲ್ಲುಜ್ಜುವ ಬ್ರಷ್ ಪಕ್ಕದಲ್ಲೇ ಇಟ್ಟೆವು. ನಾಲ್ಕು ವಾರ ಕಳೆದು ರಾತ್ರಿಯ ಕೆಮ್ಮು ನಿಂತ ಮೇಲೆ ಡಾಕ್ಟರು 'ಇನ್ನು ನಡೆಯೋಕೆ ಶುರುಮಾಡಿ' ಎಂದರು.

ಕುಕ್ಕರಹಳ್ಳಿ ಕೆರೆ ಏರಿ

ನಾವಿರುವುದು ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆಗೆ ಹತ್ತಿರ. ಕುವೆಂಪು ಅವರು ನಡೆದಾಡುತ್ತಿದ್ದ ಏರಿ ಅದು. ದಸರಾ ಮುಗಿದ ಮೇಲೆ ಶುರುಮಾಡಿದೆವು. ಶಾಲೆಯಿಂದ ಬಂದು ಹಾಲು ಕುಡಿದು ಸಂಜೆ ನಾಲ್ಕೂವರೆಗೆ ಹೊರಡುವುದು. ಭಾನುವಾರ ಮಾತ್ರ ಬೆಳಿಗ್ಗೆ, ಬಿಸಿಲೇರಿದ ಮೇಲೆ.

ನಾನು ಒಂದು ಉದ್ದನೆಯ ನೋಟ್‌ಬುಕ್ಕಿಗೆ ಗೆರೆ ಹಾಕಿದೆ. ತಾರೀಖು, ಎಷ್ಟು ನಿಮಿಷ, ಕೆಮ್ಮು ಬಂತೇ, ನೀಲಿಯದು ಬೇಕಾಯಿತೇ, ಪೀಕ್ ಫ್ಲೋ ಎಷ್ಟು, ಹೀಗೆ ಐದು ಕಾಲಂ. ಪೀಕ್ ಫ್ಲೋ ಮೀಟರ್ ಎಂದರೆ ಜೋರಾಗಿ ಊದಿದಾಗ ಗಾಳಿ ಎಷ್ಟು ವೇಗವಾಗಿ ಹೊರಬರುತ್ತದೆ ಎಂದು ತೋರಿಸುವ ಪುಟ್ಟ ಕೊಳವೆ. ಮಗು ಚೆನ್ನಾಗಿರುವಾಗ ಊದಿದ ಅತಿ ಹೆಚ್ಚಿನ ಅಂಕಿಯೇ ಅದರ ಗುರುತು. ಅದರ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, ಆಟಕ್ಕೆ ಹೋಗಬಹುದು. 50ರಿಂದ 80ರ ನಡುವೆ ಇದ್ದರೆ ಹಳದಿ, ಎಚ್ಚರ. 50ಕ್ಕಿಂತ ಕೆಳಗೆ ಕೆಂಪು, ಔಷಧಿ ಕೊಟ್ಟು ಡಾಕ್ಟರ ಬಳಿ ಓಡಬೇಕು. ಪುಟ್ಟಿಯದು ಆಗ 240.

ಮೊದಲ ದಿನ 10 ನಿಮಿಷ ನಡೆದೆವು. ಎರಡನೇ ವಾರ 15. ಮೊದಲ ಹತ್ತು ನಿಮಿಷ ನಿಧಾನ, ಕೈಕಾಲು ಆಡಿಸುತ್ತಾ ನಡೆಯುವುದು. ಅದು ಮೈ ಬೆಚ್ಚಗಾಗಲಿಕ್ಕೆ. ಹೀಗೆ ಮಾಡಿದರೆ ಮುಂದಿನ ಓಟಕ್ಕೆ ಕೊಳವೆ ಅಷ್ಟು ಬಿಗಿಯುವುದಿಲ್ಲ. ಆಮೇಲೆ ಒಂದು ಕಲ್ಲುಬೆಂಚಿನಿಂದ ಮುಂದಿನ ಬೆಂಚಿನವರೆಗೆ ಓಟ, ಅಲ್ಲಿಂದ ಇನ್ನೊಂದಕ್ಕೆ ನಡಿಗೆ. ಕೊನೆಯಲ್ಲಿ ಮತ್ತೆ ನಿಧಾನ ನಡಿಗೆ, ಥಟ್ಟನೆ ನಿಲ್ಲುವಂತಿಲ್ಲ. ಹೀಗೆ ಓಡಿ ನಿಂತು ಓಡುವ ಆಟಗಳು ಉದ್ದ ಓಟಕ್ಕಿಂತ ಅಸ್ತಮಾದವರಿಗೆ ಹಗುರ. ನಮ್ಮ ಕುಂಟೆಬಿಲ್ಲೆ, ಲಗೋರಿ, ಖೋ ಖೋ ಎಲ್ಲ ಅಂಥವೇ! ಈಜೂ ಒಳ್ಳೆಯದು, ನೀರಿನ ಮೇಲಿನ ಗಾಳಿ ತೇವವಾಗಿರುತ್ತದೆ. ಕೆಲವರಿಗೆ ಮಾತ್ರ ಕ್ಲೋರಿನ್ ವಾಸನೆ ಆಗುವುದಿಲ್ಲ.

ಆಟದ ಮುಂಚೆ ನೀಲಿ ಇನ್‌ಹೇಲರ್ ಬೇಕೋ ಬೇಡವೋ ಎಂಬುದು ಡಾಕ್ಟರು ತೀರ್ಮಾನಿಸುವ ವಿಷಯ. ಕೆಲವು ಮಕ್ಕಳಿಗೆ 10-15 ನಿಮಿಷ ಮೊದಲು ತೆಗೆದುಕೊಳ್ಳಲು ಹೇಳುತ್ತಾರೆ. ನಮಗೂ ಮೊದಲ ಎರಡು ತಿಂಗಳು ಹಾಗೆ ಹೇಳಿದ್ದರು.

ಜನವರಿಯ ಆ ಬೆಳಿಗ್ಗೆ

ಎಲ್ಲವೂ ಸರಾಗವಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಜನವರಿಯ ಒಂದು ಭಾನುವಾರ ನನಗೆ ಮದುವೆಮನೆಗೆ ಹೋಗಬೇಕಿತ್ತು. ಅದಕ್ಕೇ ಆರೂವರೆಗೇ ಹೊರಟುಬಿಟ್ಟೆವು. ಕೆರೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಹೆಜ್ಜಾರ್ಲೆಗಳ ಒಂದು ಹಿಂಡು ನೀರಿಗಿಳಿದದ್ದನ್ನು ಕಂಡು ಪುಟ್ಟಿ ಓಡಿಯೇ ಓಡಿದಳು. ನಾನೂ ತಡೆಯಲಿಲ್ಲ. ಮೈ ಬೆಚ್ಚಗೆ ಮಾಡಿಕೊಳ್ಳುವ ನಡಿಗೆ ಇಲ್ಲ, ಮೂಗಿಗೆ ಸ್ಕಾರ್ಫ್ ಇಲ್ಲ.

ಅವಳು ನಿಂತು ಐದು ನಿಮಿಷಕ್ಕೆ ಕೆಮ್ಮು ಶುರುವಾಯಿತು. ಹಿಂದೆಯೇ ಸುಯ್ ಶಬ್ದ. ನನ್ನ ಕೈ ನಡುಗತೊಡಗಿತು. ಇನ್‌ಹೇಲರ್ ಜೇಬಿನಲ್ಲಿದ್ದರೂ ಯಾವ ಜೇಬು ಅಂತ ತಿಳಿಯದೆ ತಡಕಾಡಿದೆ. ಪುಟ್ಟಿಯೇ ಬೆಂಚಿನ ಮೇಲೆ ನೆಟ್ಟಗೆ ಕೂತು, 'ತಾತ, ನೀಲಿದು ಕೊಡು. ಸ್ಪೇಸರ್ ಬ್ಯಾಗಲ್ಲಿದೆ' ಅಂದಳು. ಡಾಕ್ಟರು ಬರೆದುಕೊಟ್ಟಿದ್ದ ಹಾಗೆ ಒಂದೊಂದೇ ಪಫ್ ತೆಗೆದುಕೊಂಡು, ಪ್ರತಿಯೊಂದಕ್ಕೂ ನಿಧಾನ ಉಸಿರೆಳೆದಳು. ಸ್ವಲ್ಪ ಹೊತ್ತಿಗೆ ಶಬ್ದ ಇಳಿಯಿತು. ಮಾತು ಸರಾಗವಾಯಿತು. ಇಳಿಯದೆ ಹೋಗಿದ್ದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಬೇಕೆಂದು ಅದೇ ಚೀಟಿಯಲ್ಲಿ ಬರೆದಿತ್ತು.

ಅಂದು ರಾತ್ರಿ ನಾನು 'ಸಾಕು, ಇನ್ನು ಕೆರೆ ಕಡೆ ಹೋಗೋದು ಬೇಡ' ಎಂದೆ. ಮಗಳು ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. 'ಅಪ್ಪ, ಎಣಿಸಿ' ಎಂದಳು. ಎಣಿಸಿದೆ. 71 ದಿನದ ದಾಖಲೆ ಇತ್ತು. 70 ದಿನ ಏನೂ ಆಗಿರಲಿಲ್ಲ. 'ಬ್ಯಾಂಕಲ್ಲಿ ಒಂದು ಚೆಕ್ ವಾಪಸ್ ಬಂದರೆ ಖಾತೇನೇ ಮುಚ್ಚಿಬಿಡ್ತಿದ್ರಾ?' ಎಂದಳು. ನನ್ನ ಹೆಂಡತಿ ಅಡುಗೆಮನೆಯಿಂದಲೇ, 'ಮಂಜಲ್ಲಿ ಕರ್ಕೊಂಡು ಹೋಗಿದ್ದು ನೀವು, ಶಿಕ್ಷೆ ಮಗೂಗಾ?' ಅಂದಳು. ನಾನು ಪೆನ್ನು ತೆಗೆದು ಆ ದಿನದ ಕಾಲಂ ತುಂಬಿದೆ. ಕಾರಣದ ಜಾಗದಲ್ಲಿ 'ತಾತನ ಅವಸರ' ಎಂದು ಬರೆದೆ.

ನೋಟ್‌ಬುಕ್ ಹೇಳಿದ್ದು

ಆರು ತಿಂಗಳು ಕಳೆದು ನೋಟ್‌ಬುಕ್ಕನ್ನು ಡಾಕ್ಟರಿಗೆ ತೋರಿಸಿದೆ. 'ಪೀಕ್ ಫ್ಲೋ 240 ಇದ್ದದ್ದು 250 ಆಗಿದೆ ಅಷ್ಟೆ. ಇಷ್ಟು ಓಡಿದ್ದಕ್ಕೆ ಹತ್ತೇನಾ?' ಎಂದು ಕೇಳಿದೆ. ಆಕೆ ನಕ್ಕು, 'ಆ ಹತ್ತು ಅವಳು ಎತ್ತರ ಬೆಳೆದದ್ದಕ್ಕೂ ಇರಬಹುದು. ವ್ಯಾಯಾಮದಿಂದ ಕೊಳವೆ ಅಗಲ ಆಗಲ್ಲ ತಾತ. ಅಸ್ತಮಾ ಮಾಯವಾಗೋದೂ ಇಲ್ಲ. ನೀವು ತಪ್ಪು ಕಾಲಂ ನೋಡ್ತಿದೀರ, ನಿಮಿಷದ ಕಾಲಂ ನೋಡಿ' ಎಂದರು. 10 ನಿಮಿಷ ಇದ್ದದ್ದು 45 ಆಗಿತ್ತು. ನೀಲಿ ಇನ್‌ಹೇಲರಿನ ಕಾಲಮ್ಮಿನಲ್ಲಿ ಕೊನೆಯ ಎರಡು ತಿಂಗಳು ಒಂದೇ ಒಂದು ಗುರುತಿತ್ತು.

ವ್ಯಾಯಾಮ ಮಾಡಿದ ಅಸ್ತಮಾ ರೋಗಿಗಳ ಮೇಲೆ ನಡೆದ ಅಧ್ಯಯನಗಳೂ ಇದನ್ನೇ ಹೇಳುತ್ತವಂತೆ. ಹತೋಟಿಯಲ್ಲಿರುವ ಅಸ್ತಮಾದಲ್ಲಿ ವ್ಯಾಯಾಮದಿಂದ ಅಪಾಯವಿಲ್ಲ, ದೇಹದ ತಾಕತ್ತು ಹೆಚ್ಚುತ್ತದೆ, ಆದರೆ ಶ್ವಾಸಕೋಶದ ಅಳತೆ ದೊಡ್ಡದಾಗಿ ಬದಲಾಗುವುದಿಲ್ಲ. ಹಾಗಾಗಿ ಚೆನ್ನಾಗಿ ಓಡುತ್ತಿದೆ ಅಂತ ಔಷಧಿ ನಿಲ್ಲಿಸುವ ಹಾಗಿಲ್ಲ. ಯಾವಾಗ ಕಡಿಮೆ ಮಾಡಬೇಕೆಂದು ಡಾಕ್ಟರೇ ಹೇಳಬೇಕು. ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ ಮೀನಿನ ಮದ್ದು ನುಂಗಿಸಿ ಎಂದು ನಮಗೂ ಹಲವರು ಹೇಳಿದರು. ಏನೇ ನಂಬಿಕೆ ಇದ್ದರೂ ಇನ್‌ಹೇಲರ್ ಬಿಟ್ಟು ಕಾಯುವುದು ಮಾತ್ರ ಅಪಾಯ.

ಅಸ್ತಮಾ ಇದ್ದೂ ಎತ್ತರಕ್ಕೇರಿದ ಆಟಗಾರರಿಗೆ ಲೆಕ್ಕವಿಲ್ಲ. ಇಂಗ್ಲೆಂಡಿನ ಪೌಲಾ ರ‍್ಯಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದಾಕೆ. ಅಮೆರಿಕದ ಜಾಕಿ ಜಾಯ್ನರ್ ಕರ್ಸಿ ಒಲಿಂಪಿಕ್ಸಿನಲ್ಲಿ ಮೂರು ಚಿನ್ನ ಗೆದ್ದಾಕೆ. ಇಬ್ಬರಿಗೂ ಅಸ್ತಮಾ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಅಮೆರಿಕ ತಂಡದಲ್ಲಿ 597 ಜನರ ಪೈಕಿ 67 ಮಂದಿಗೆ ಓಡಿದರೆ ಕೊಳವೆ ಬಿಗಿಯುವ ತೊಂದರೆ ಇತ್ತು. ಅವರು ಗೆದ್ದ ಪದಕ 41! ಈ ಅಂಕಿಯನ್ನು ಪುಟ್ಟಿ ತನ್ನ ಕೈಯಾರೆ ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡಿದ್ದಾಳೆ.

ಅಸ್ತಮಾ ಬಿಟ್ಟು ಬೇರೆ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗಳೂ ಮಕ್ಕಳಲ್ಲಿ ಇವೆ. ಕೊಳವೆಗಳು ಅಗಲವಾಗಿ ಕಫ ನಿಲ್ಲುವ ಬ್ರಾಂಕಿಯೆಕ್ಟಾಸಿಸ್, ಹುಟ್ಟಿನಿಂದಲೇ ಕಫ ಗಟ್ಟಿಯಾಗುವ ಸಿಸ್ಟಿಕ್ ಫೈಬ್ರೋಸಿಸ್, ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಿಗೆ ಬರುವ ತೊಂದರೆ. ಮೊದಲೆರಡರಲ್ಲಿ ಜಿಗಿತ, ಓಟದಿಂದ ಕಫ ಸಡಿಲವಾಗಿ ಹೊರಬರಲೂ ಸಹಾಯವಾಗುತ್ತದೆ. ಆದರೆ ಎಷ್ಟು, ಹೇಗೆ ಎಂಬುದನ್ನು ಪ್ರತಿ ಮಗುವಿಗೂ ಅದರ ಡಾಕ್ಟರೇ ಗೊತ್ತುಮಾಡಬೇಕು.

ಅಜ್ಜ-ಅಜ್ಜಿಯರಿಗೆ ನಾಲ್ಕು ಮಾತು

ಒಂದು, ಜ್ವರ, ನೆಗಡಿ, ಸುಯ್ ಶಬ್ದ ಇರುವ ದಿನ ಆಟ ಬೇಡ. ದೀಪಾವಳಿಯ ಪಟಾಕಿ ಹೊಗೆ, ಕಸ ಸುಡುವ ಹೊಗೆ, ಕಾಂಗ್ರೆಸ್ ಗಿಡ ಹೂಬಿಟ್ಟ ಖಾಲಿ ಸೈಟು, ಇವುಗಳಿಂದ ದೂರ. ಅಂಥ ದಿನ ಒಳಗೇ ಹಗ್ಗದಾಟ, ಸೂರ್ಯನಮಸ್ಕಾರ ಆಗಬಹುದು.

ಎರಡು, ಮನೆಯೊಳಗಿನ ಹೊಗೆ ನಮ್ಮದೇ ಕೈಯಲ್ಲಿದೆ. ಊದುಬತ್ತಿ, ಸೊಳ್ಳೆ ಬತ್ತಿ, ಬೀಡಿ-ಸಿಗರೇಟು ಮಗುವಿನ ಕೋಣೆಗೆ ಬೇಡ. ನಾನು ಪೂಜೆಗೆ ಊದುಬತ್ತಿ ಬಿಟ್ಟು ಬರೀ ದೀಪ ಹಚ್ಚುತ್ತೇನೆ. ದೇವರು ಬೇಜಾರು ಮಾಡಿಕೊಂಡ ಹಾಗಿಲ್ಲ.

ಮೂರು, ಡಾಕ್ಟರು ಬರೆದ ಚೀಟಿಯ ಒಂದು ಪ್ರತಿ ಶಾಲೆಯಲ್ಲಿರಲಿ. ನೀಲಿ ಇನ್‌ಹೇಲರ್ ಮಗುವಿನ ಕೈಗೆ ಸಿಗುವಂತಿರಲಿ, ಆಫೀಸು ಕೋಣೆಯ ಬೀಗದೊಳಗಲ್ಲ.

ನಾಲ್ಕು, ನಮ್ಮ ಹೆದರಿಕೆಯನ್ನು ಮಕ್ಕಳ ಮೇಲೆ ಹೊರಿಸಬಾರದು. ಇದನ್ನು ಬರೆಯುವುದು ಸುಲಭ, ನಡೆಯುವುದು ಕಷ್ಟ. ನನಗೆ ಗೊತ್ತು.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಅಸ್ತಮಾ ಇರುವ ಗೆಳೆಯರಿದ್ದರೆ ಅವರನ್ನು ಅಂಪೈರ್ ಮಾಡಿ ಕೂರಿಸಬೇಡಿ. ಇನ್‌ಹೇಲರ್ ಕಂಡು ನಗಬೇಡಿ. ಅದು ನನ್ನ ಕನ್ನಡಕದ ಹಾಗೆ. ಅಂಟುವ ರೋಗವೂ ಅದಲ್ಲ.

ಎರಡನೆಯ ಪತ್ರ

ಮರುವರ್ಷ ಜೂನ್ ತಿಂಗಳಲ್ಲಿ ಮತ್ತೆ ಅದೇ ಪೆನ್ನು ತೆಗೆದು ಪಿ.ಟಿ. ಮೇಷ್ಟ್ರಿಗೆ ಬರೆದೆ: 'ಕಳೆದ ವರ್ಷ ನಾನು ಕೊಟ್ಟಿದ್ದ ಪತ್ರವನ್ನು ಹಿಂತೆಗೆದುಕೊಂಡಿದ್ದೇನೆ. ನನ್ನ ಮೊಮ್ಮಗಳನ್ನು ಎಲ್ಲ ಆಟಗಳಿಗೂ ಸೇರಿಸಿಕೊಳ್ಳಬೇಕೆಂದು ವಿನಂತಿ. ಡಾಕ್ಟರ ಸೂಚನೆಯ ಪ್ರತಿಯನ್ನು ಲಗತ್ತಿಸಿದೆ.' ಮೇಷ್ಟ್ರು ಓದಿ, 'ಸಾರ್, ನಮಗೂ ಸ್ವಲ್ಪ ಭಯ ಇತ್ತು, ಈ ಚೀಟಿ ಇದ್ದರೆ ಧೈರ್ಯ' ಎಂದರು.

ಆಷಾಢದ ಜಂಗುಳಿ ಮುಗಿದು ಶ್ರಾವಣ ಬಂತು. ಒಂದು ಭಾನುವಾರ ಪುಟ್ಟಿ ಚಾಮುಂಡಿಬೆಟ್ಟವನ್ನು ಮೆಟ್ಟಿಲು ಹತ್ತಿಯೇ ಹೋಗಬೇಕೆಂದು ಹಟ ಹಿಡಿದಳು. ಸಾವಿರಕ್ಕೂ ಮೇಲ್ಪಟ್ಟ ಮೆಟ್ಟಿಲು. ಅವಳ ಅಮ್ಮ, ಅವಳು, ನಾನು ಹೊರಟೆವು. ಜೇಬಿನಲ್ಲಿ ನೀಲಿ ಇನ್‌ಹೇಲರ್, ಯಾವ ಜೇಬು ಅಂತ ಈ ಸಲ ಚೆನ್ನಾಗಿ ಗೊತ್ತಿತ್ತು. ಪ್ರತಿ 50 ಮೆಟ್ಟಿಲಿಗೊಮ್ಮೆ ನಿಲ್ಲುವುದು ನಮ್ಮ ಕರಾರು. ಮುನ್ನೂರು ಮೆಟ್ಟಿಲಾಗುವಷ್ಟರಲ್ಲಿ ಕೂತದ್ದು ನಾನು. ಪುಟ್ಟಿ ನನ್ನ ಬೆನ್ನು ನೀವುತ್ತಾ, 'ತಾತ, ನೀನು ವಾರ್ಮ್ ಅಪ್ ಮಾಡ್ಲಿಲ್ಲ ಅಲ್ವಾ?' ಎಂದಳು. ನಿಧಾನವಾಗಿ ಹತ್ತಿ, ಸುಮಾರು 700 ಮೆಟ್ಟಿಲಿಗೆ ಸಿಗುವ ಆ ದೊಡ್ಡ ಕಲ್ಲುಬಸವನ ಹತ್ತಿರ ನಾನು ಉಳಿದೆ. ಅವರಿಬ್ಬರೂ ಮುಂದೆ ಹೋದರು. ಬಸವನ ನೆರಳಲ್ಲಿ ಕೂತು ನಾನು ಅಣ್ಣನನ್ನು ನೆನೆದೆ. ಒಂದು ಗಂಟೆಯ ಮೇಲೆ ಪುಟ್ಟಿ ಕುಂಕುಮ ಇಟ್ಟುಕೊಂಡು ಇಳಿದು ಬಂದಳು. ಕೆಮ್ಮಿರಲಿಲ್ಲ. ಹಸಿವೆಯಾಗಿತ್ತು.

ಈಗ ಅವಳು ಶಾಲೆಯ ಖೋ ಖೋ ತಂಡದಲ್ಲಿದ್ದಾಳೆ. ಪದಕ ಗೆದ್ದಳು ಎಂದು ಬರೆಯುವ ಆಸೆ ಇದ್ದರೂ ಹಾಗೇನೂ ಆಗಿಲ್ಲ. ಕಳೆದ ತಿಂಗಳು ಪಂದ್ಯದಲ್ಲಿ ಒಂದು ನಿಮಿಷದೊಳಗೆ ಔಟಾಗಿ ಬಂದು, ಬ್ಯಾಗು ಎಸೆದು, ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮನೆಯವರೆಲ್ಲ ಸಮಾಧಾನ ಮಾಡುತ್ತಿದ್ದರು. ನಾನು ಮಾತ್ರ ಮುಖ ಆಚೆ ತಿರುಗಿಸಿ ನಕ್ಕೆ. ಆಟ ನೋಡುತ್ತಾ ಕೂತ ಮಗು ಹಾಗೆ ಅಳುವುದಿಲ್ಲ.